ಒಂದು ಬೈಟಿನಲ್ಲಿ ಹದಿನಾಲ್ಕು ವರ್ಷ

ಫ್ಲಾಪಿಗಳಿಗೆ ಕುಂಕುಮ ಇಟ್ಟವಳು ನಾನೇ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಮುಂದೆ ಆದ ಗೊಂದಲವೆಲ್ಲ ಅಲ್ಲಿಂದಲೇ ಶುರು, ಮತ್ತು ಆ ಕಚೇರಿಯಲ್ಲಿ ಇದ್ದಷ್ಟು ವರ್ಷವೂ ನಾನು ಈ ವಿಷಯದಲ್ಲಿ ಬಾಯಿ ಬಿಟ್ಟವಳಲ್ಲ.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ತುಮಕೂರಿನಲ್ಲಿ ಪ್ರಾಥಮಿಕ ಶಾಲೆಗಳ ಮೇಷ್ಟ್ರುಗಳ ವರ್ಗಾವಣೆ ನೋಡಿಕೊಳ್ಳುವ ಕಚೇರಿಯೊಂದರಲ್ಲಿ ನಾನು ಟೈಪಿಸ್ಟು. ಮನೆ ಗುಬ್ಬಿಯಲ್ಲಿ, ಅತ್ತೆ, ನಾನು, ಮೂರು ವರ್ಷದ ಮಗಳು. ನಮ್ಮ ಯಜಮಾನರೂ ಮೇಷ್ಟ್ರೇ, ಆದರೆ ಅವರ ಶಾಲೆ ಇದ್ದದ್ದು ಕುಣಿಗಲ್ಲಿನಿಂದಲೂ ಆಚೆ ಒಂದು ಹಳ್ಳಿಯಲ್ಲಿ. ಅಲ್ಲೇ ಒಂದು ರೂಮು ಹಿಡಿದು ಕೈಯಡಿಗೆ ಮಾಡಿಕೊಂಡಿದ್ದರು. ಶನಿವಾರ ಸಂಜೆ ಬಂದರೆ ಸೋಮವಾರ ಮೊದಲ ಬಸ್ಸಿಗೆ ಹೊರಡುತ್ತಿದ್ದರು. ಶನಿವಾರ ಮಗಳು ಅವರನ್ನು ಕಂಡು ಅಜ್ಜಿಯ ಸೆರಗಿನ ಹಿಂದೆ ಅವಿತುಕೊಳ್ಳುವಳು, ಭಾನುವಾರ ಮಧ್ಯಾಹ್ನದ ಹೊತ್ತಿಗೆ ತೊಡೆ ಏರುವಳು, ಸೋಮವಾರ ಎದ್ದರೆ ಅಪ್ಪ ಇಲ್ಲ. ಬೀದಿಯವರೆಲ್ಲ ಕರೆಯುವ ಹಾಗೆ ಅವಳೂ ಅವರನ್ನು ಮೇಷ್ಟ್ರೇ ಎಂದು ಕರೆಯುತ್ತಿದ್ದಳು. ಕೇಳಿದವರೆಲ್ಲ ನಗುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಅವರಿಗೆ ಗುಬ್ಬಿ ತಾಲ್ಲೂಕಿಗೆ ವರ್ಗ ಆಗಬೇಕು ಎನ್ನುವುದೊಂದೇ ಆಗ ನನಗಿದ್ದ ಆಸೆ. ದೇವರಾಯನದುರ್ಗ ಹತ್ತಿ ಹರಕೆಯನ್ನೂ ಹೊತ್ತು ಬಂದಿದ್ದೆ.

ಟೈಪಿಂಗ್ ಬರುತ್ತದೆ ಎನ್ನುವ ಒಂದೇ ತಪ್ಪಿಗೆ, ಕಚೇರಿಗೆ ಬಂದ ಕಂಪ್ಯೂಟರನ್ನು ನನ್ನ ಕೊರಳಿಗೆ ಕಟ್ಟಿದರು. ಊರಿನ ಒಂದು ಕಾಲೇಜಿನಲ್ಲಿ ಹದಿನೈದು ದಿನ ತರಬೇತಿ ಆಯಿತು. ಅದು ಸಾಲದೆಂದು ಬುಧವಾರ ಸಂಜೆ ಅಲ್ಲಿಯ ಲೆಕ್ಚರರ್ ಒಬ್ಬರು ಪಾಠ ಹೇಳುತ್ತಿದ್ದರು. ನನಗಿಂತ ಐದಾರು ವರ್ಷ ಚಿಕ್ಕವರು. ಚಿಕ್ಕವರ ಕೈಯಲ್ಲಿ ದಡ್ಡಿ ಎನ್ನಿಸಿಕೊಳ್ಳುವುದು ಎಷ್ಟು ಕಷ್ಟ ಎಂದು ಅನುಭವಿಸಿದವರಿಗೇ ಗೊತ್ತು. ಅವರು ಪಾಪ ಒಂದು ದಿನವೂ ಹಾಗೆ ಅಂದವರಲ್ಲ. ಆದರೆ ಎಲ್ಲವನ್ನೂ ಸೊನ್ನೆಯಿಂದ ಎಣಿಸುವರು. ಮನೆಗೆ ಬಂದರೆ ನಮ್ಮತ್ತೆ ರಾಗಿ ಅಳೆಯುವಾಗ ಮೊದಲ ಸೇರನ್ನು ಒಂದು ಎನ್ನದೆ ಲಾಭ ಎಂದು ಶುರು ಮಾಡುವರು. ನಾನು ಒಂದರಿಂದ ಎಣಿಸುವವಳು ಇಬ್ಬರ ನಡುವೆ ಒಬ್ಬಳೇ ಆಗಿಹೋದೆ.

ಆ ವರ್ಷದ ಆಯುಧಪೂಜೆ ಬಂತು. ನಮ್ಮ ಸೆಕ್ಷನ್ನಿನಲ್ಲಿ ಹೆಂಗಸು ನಾನೊಬ್ಬಳೇ. ಪೂಜೆ ನನ್ನ ಪಾಲಿಗೇ ಬರುತ್ತಿತ್ತು. ಟೈಪ್‌ರೈಟರಿಗೆ, ಬೀರುಗಳಿಗೆ, ಸ್ಟೇಪ್ಲರಿಗೆ ಕೂಡ ಅರಿಶಿನ ಕುಂಕುಮ ಆದಮೇಲೆ ಕಂಪ್ಯೂಟರಿನ ಸರದಿ. ಕಂಪ್ಯೂಟರಿಗೆ ಹಾಕಿದ ವಿವರಗಳೆಲ್ಲ ಉಳಿಯುವುದು ಫ್ಲಾಪಿಯಲ್ಲಿ; ನಮ್ಮ ಹತ್ತಿರ ಇದ್ದದ್ದು ಏಳು. ಎರಡು ಮಿಷನ್ನಿನ ಬಾಯಲ್ಲೇ ಇದ್ದವು, ಉಳಿದ ಐದನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸಿದೆ. ಚೌಕಾಕಾರದ ಕಪ್ಪು ಹೊದಿಕೆ, ಅದರಲ್ಲಿ ಉದ್ದಕ್ಕೆ ಒಂದು ಸೀಳು, ಸೀಳಿನೊಳಗೆ ಕಂದು ಬಣ್ಣದ ತಟ್ಟೆ ಕಾಣುತ್ತಿತ್ತು. ಬೊಟ್ಟಿಡಲು ಅದಕ್ಕಿಂತ ಒಳ್ಳೆಯ ಜಾಗ ನನಗೆ ತೋಚಲಿಲ್ಲ. ಉದುರಬಾರದು ಎಂದು ಕುಂಕುಮವನ್ನು ನೀರಿನಲ್ಲಿ ಕಲಸಿ ಐದಕ್ಕೂ ಅಚ್ಚುಕಟ್ಟಾಗಿ ಇಟ್ಟೆ. ಸಾಹೇಬರು ಮಂಗಳಾರತಿ ತೆಗೆದುಕೊಂಡು ಎಷ್ಟು ಲಕ್ಷಣವಾಗಿದೆಯಮ್ಮ ಎಂದು ಹೊಗಳಿದರು.

ಹಬ್ಬ ಕಳೆದು ಕಚೇರಿ ತೆರೆದ ದಿನ ಅದರಲ್ಲಿ ಒಂದನ್ನು ಮಿಷನ್ನಿಗೆ ಹಾಕಿದೆ. ಕರಕರ ಎಂದು ಹಲ್ಲು ಕಡಿದ ಸದ್ದು ಬಂತು, ಆಮೇಲೆ ಪರದೆಯ ಮೇಲೆ ಓದಲಾಗುತ್ತಿಲ್ಲ ಎಂದು ಬಂತು. ಐದೂ ಅಷ್ಟೆ. ಒದ್ದೆ ಬಟ್ಟೆಯಲ್ಲಿ ಒರೆಸಿ ಇನ್ನಷ್ಟು ಕೆಡಿಸಿದೆ. ಹೊಸದು ಬೇಕೆಂದು ಬರೆದರೆ ಹಳೆಯದಕ್ಕೆ ಏನಾಯಿತು ಎಂದು ಕೇಳುತ್ತಾರೆ. ಅವನ್ನು ಡಬ್ಬಿಗೆ ಹಾಕಿ ಬೀರುವಿನ ತಳದಲ್ಲಿ ಹಳೆಯ ಕಡತಗಳ ಕೆಳಗೆ ತುರುಕಿದೆ. ಮಿಷನ್ನಿನಲ್ಲಿ ಉಳಿದಿದ್ದ ಎರಡರಲ್ಲಿ ಒಂದು ಪ್ರೋಗ್ರಾಮಿನದು. ಜಿಲ್ಲೆಯ ಅಷ್ಟೂ ಮೇಷ್ಟ್ರುಗಳ ವಿವರ ತುಂಬಲು ನನ್ನ ಕೈಯಲ್ಲಿ ಉಳಿದದ್ದು ಒಂದೇ ಫ್ಲಾಪಿ. ಅದು ಹಿಡಿಸುವುದಿಲ್ಲ ಎನ್ನುವುದು ನನಗೂ ಗೊತ್ತಿತ್ತು.

ಬುಧವಾರ ಲೆಕ್ಚರರ ಹತ್ತಿರ ಹೋಗಿ, ಕಾರಣ ಹೇಳದೆ, ಇಷ್ಟನ್ನು ಇಷ್ಟರಲ್ಲಿ ಹಿಡಿಸಬೇಕಲ್ಲ ಎಂದೆ. ಅವರ ಮುಖ ಅರಳಿತು. ಇಷ್ಟು ದಿನಕ್ಕೆ ನಾನು ಒಂದು ಒಳ್ಳೆಯ ಪ್ರಶ್ನೆ ಕೇಳಿದ್ದೆನಂತೆ. ನಾನು ಸೇವೆಯ ಅವಧಿಯನ್ನು ಟೈಪ್ ಮಾಡುತ್ತಿದ್ದದ್ದು ಕಾಗದದ ಮೇಲೆ ಬರೆದ ಹಾಗೆ, ಒಂದೊಂದು ಅಕ್ಷರಕ್ಕೂ ಒಂದೊಂದು ಬೈಟು ಕೊಟ್ಟು. ಹದಿನಾಲ್ಕು ವರ್ಷ ಎಂದು ಇಂಗ್ಲಿಷಿನಲ್ಲಿ ಬರೆದರೆ ಎಂಟು ಬೈಟು ಹೋಗುತ್ತದೆ. ಅದೇ ಹದಿನಾಲ್ಕು ವರ್ಷವನ್ನು ನೂರ ಅರವತ್ತೆಂಟು ತಿಂಗಳು ಎಂದು ಲೆಕ್ಕ ಹಾಕಿ, ಅಂಕಿಯನ್ನು ಅಂಕಿಯಾಗಿಯೇ ಇಟ್ಟರೆ ಒಂದು ಬೈಟು ಸಾಕು. ಒಂದು ಬೈಟು ಎಂದರೆ ಎಂಟು ಸ್ವಿಚ್ಚು ಇರುವ ಒಂದು ಬೋರ್ಡು. ಕೆಲವು ಹಾಕಿರುತ್ತವೆ, ಕೆಲವು ಆರಿರುತ್ತವೆ. ಎಷ್ಟು ಥರ ಹಾಕಿ ಆರಿಸಿದರೂ ಇನ್ನೂರ ಐವತ್ತಾರು ಬಗೆಗಿಂತ ಹೆಚ್ಚಿಲ್ಲ. ಸೊನ್ನೆಯಿಂದ ಇನ್ನೂರ ಐವತ್ತೈದರವರೆಗೆ ಬರೆಯಬಹುದು. ಇದಕ್ಕೆ ಅವರು ಪ್ಯಾಕ್ ಮಾಡುವುದು ಎನ್ನುತ್ತಿದ್ದರು. ತಿರುಗಿ ಅಂಕಿಯಾಗಿ ಹೊರಗೆ ತೆಗೆಯುವುದು ಅನ್‌ಪ್ಯಾಕ್.

ಇಪ್ಪತ್ತೊಂದು ವರ್ಷ ಮೀರಿದವರು ಏನಾಗುತ್ತಾರೆ ಎಂದು ಕೇಳಿದೆ. ಅವರೆಲ್ಲರಿಗೂ ಇನ್ನೂರ ಐವತ್ತೈದು ಎಂದೇ ಹಾಕಿ, ಅಷ್ಟು ವರ್ಷ ಆದವರು ವರ್ಗ ಕೇಳುವುದು ಎಲ್ಲಿ ಬಂತು ಎಂದರು. ಗಂಡೋ ಹೆಣ್ಣೋ ಎನ್ನುವುದಕ್ಕೆ ಒಂದು ಸ್ವಿಚ್ಚು ಸಾಕು. ಮದುವೆ ಆಗಿದೆಯೋ ಇಲ್ಲವೋ, ಇನ್ನೊಂದು. ಗಂಡ ಹೆಂಡತಿ ಇಬ್ಬರೂ ಕೆಲಸದಲ್ಲಿದ್ದು ಬೇರೆ ಬೇರೆ ಊರಿನಲ್ಲಿದ್ದಾರೆಯೇ, ಮತ್ತೊಂದು. ಆ ಕೊನೆಯದಕ್ಕೆ ಆ ವರ್ಷ ಯಾವ ಆದ್ಯತೆಯೂ ಇರಲಿಲ್ಲ, ನಮೂನೆಯಲ್ಲಿ ಸುಮ್ಮನೆ ಕೇಳಿದ್ದರು. ಮದುವೆಯಾದಾಗಿನಿಂದ ನಾನು ಬಸ್ ಸ್ಟ್ಯಾಂಡಿನಲ್ಲಿ ಕಳೆದ ಶನಿವಾರಗಳೆಲ್ಲ ಸೇರಿ ಒಂದು ಸ್ವಿಚ್ಚು ಆಯಿತಲ್ಲ ಎಂದು ಸಿಟ್ಟು ಬಂತು.

ನಿಜ ಹೇಳಬೇಕೆಂದರೆ ನನಗೆ ಅರ್ಧವೂ ಅರ್ಥವಾಗಿರಲಿಲ್ಲ. ಗುಬ್ಬಿಗೆ ಹೋಗುವ ರೈಲಿನಲ್ಲಿ ಕೂತು ನೋಟ್ ಬುಕ್ಕಿನಲ್ಲಿ ಎಂಟು ಮನೆ ಬರೆದು, ಬಲದಿಂದ ಒಂದು, ಎರಡು, ನಾಲ್ಕು, ಎಂಟು ಎಂದು ದುಪ್ಪಟ್ಟು ಮಾಡುತ್ತ ಎಡಕ್ಕೆ ನೂರ ಇಪ್ಪತ್ತೆಂಟರವರೆಗೆ ಹೋಗುತ್ತಿದ್ದೆ. ನಿಟ್ಟೂರಿನ ಕಡೆ ಹೋಗುವ ಹೆಂಗಸೊಬ್ಬಳು ದಿನವೂ ಎದುರಿಗೆ ಕೂರುತ್ತಿದ್ದಳು, ಇದೇನಕ್ಕಾ ಚೌಕಾಬಾರಾ ಎಂದು ಕೇಳಿದಳು. ಹೌದು ಎಂದೆ. ಮನೆಗೆ ಹೋಗುವ ಹೊತ್ತಿಗೆ ಅರ್ಥವಾದದ್ದು ಬೆಳಿಗ್ಗೆ ಏಳುವ ಹೊತ್ತಿಗೆ ಮರೆತು ಹೋಗಿರುತ್ತಿತ್ತು.

ಪ್ಯಾಕ್ ಮಾಡುವ ಪ್ರೋಗ್ರಾಮನ್ನು ಲೆಕ್ಚರರೇ ಬರೆದುಕೊಟ್ಟರು. ಅನ್‌ಪ್ಯಾಕ್ ಮಾಡುವುದನ್ನು ನೀವೇ ಬರೆಯಿರಿ, ಅದು ಇದರದೇ ತಿರುವುಮುರುವು ಎಂದರು. ನಾನು ಅವರದನ್ನು ಪಕ್ಕದಲ್ಲಿಟ್ಟುಕೊಂಡು ಸಾಲು ಸಾಲಾಗಿ ತಿರುಗಿಸಿ ಬರೆದೆ. ಅವರು ಕೆಲವು ಕಡೆ ಒಂದು ಹೆಚ್ಚಿನ ಪದ ಬರೆದಿದ್ದರು, ಇಲ್ಲಿ ಋಣ ಸಂಖ್ಯೆ ಬರುವುದಿಲ್ಲ ಎಂದು ಹೇಳುವ ಪದ. ಸೇವೆಯ ತಿಂಗಳು ಮೈನಸ್ ಆಗುವುದು ಎಲ್ಲಾದರೂ ಉಂಟೇ, ಇದೊಂದು ಅತಿ ಜಾಗ್ರತೆ ಎಂದುಕೊಂಡು ಅದನ್ನು ಬಿಟ್ಟೆ. ಬೆಳ್ಳಾವಿ ಹೋಬಳಿಯ ಹತ್ತು ಜನರ ವಿವರ ಹಾಕಿ ತೆಗೆದು ನೋಡಿದೆ. ಹಾಕಿದ್ದೇ ಬಂತು. ಆ ಹತ್ತೂ ಜನ ಹೊಸದಾಗಿ ಸೇರಿದವರು ಎನ್ನುವುದು ಆಮೇಲೆ ತಿಳಿದದ್ದು.

ಚಳಿಗಾಲ, ಬೇಸಿಗೆ ಎಲ್ಲ ಟೈಪ್ ಮಾಡುವುದರಲ್ಲೇ ಕಳೆಯಿತು. ಆ ವರ್ಷ ಎಲ್ಲವೂ ತಡ. ಶಾಲೆ ಶುರುವಾಗಿ ಜಿಟಿಜಿಟಿ ಮಳೆ ಹಿಡಿದ ಮೇಲೆ ವರ್ಗಾವಣೆಯ ಪಟ್ಟಿ ಮಾಡಲು ಹೇಳಿದರು. ಗುಬ್ಬಿ ತಾಲ್ಲೂಕಿನಲ್ಲಿ ಖಾಲಿ ಇದ್ದದ್ದು ಮೂರು ಜಾಗ, ಅರ್ಜಿ ಹಾಕಿದವರು ಇಪ್ಪತ್ತೆಂಟು ಜನ. ಹೆಚ್ಚು ಸೇವೆ ಆದವರು ಮೇಲೆ, ಕಡಿಮೆ ಆದವರು ಕೆಳಗೆ. ಸೇವೆಯ ಅವಧಿಯನ್ನು ಅಚ್ಚು ಹಾಕುವುದು ಬೇಡ, ಜನ ಒಬ್ಬರದನ್ನೊಬ್ಬರು ನೋಡಿಕೊಂಡು ಜಗಳಕ್ಕೆ ಬರುತ್ತಾರೆ, ಬರೀ ಹೆಸರು ಬರಲಿ ಎಂದು ಸಾಹೇಬರು ಹೇಳಿದರು. ಪ್ರಿಂಟರು ಕಿರ್ರೆಂದು ಕಾಗದ ಬಿಡುತ್ತಿದ್ದ ಹಾಗೆ ಎರಡನೆಯ ಹೆಸರು ನಮ್ಮ ಯಜಮಾನರದು.

ನಾನು ಆ ಕಾಗದವನ್ನು ಹರಿಯದೆ ಹಾಗೇ ನಿಂತು ನೋಡಿದೆ. ಆವತ್ತಿನ ಸಂತೋಷವನ್ನು ಮುಚ್ಚಿಡುವುದಿಲ್ಲ. ಅವರದು ಒಂಬತ್ತು ವರ್ಷ ಹತ್ತು ತಿಂಗಳ ಸೇವೆ; ಐದೋ ಆರೋ ಆಗಬಹುದು ಎಂದುಕೊಂಡಿದ್ದೆವು, ಎರಡನೆಯವರಾಗಿದ್ದರು. ತಾತ್ಕಾಲಿಕ ಪಟ್ಟಿ ಬೋರ್ಡಿಗೆ ಹತ್ತಿತು. ಆಕ್ಷೇಪಣೆ ಇದ್ದವರು ಮುಂದಿನ ಸೋಮವಾರ ಬಿಟ್ಟು ಅದರ ಮುಂದಿನ ಸೋಮವಾರದೊಳಗೆ ಬರೆದುಕೊಡಬೇಕು. ಶನಿವಾರ ಅವರಿಗೆ ಹೇಳಿದೆ. ಅತ್ತೆ ಒಬ್ಬಟ್ಟು ಮಾಡಿದರು. ಮುಂದಿನ ವಾರ ರೂಮು ಬಿಟ್ಟು ಟ್ರಂಕು ತಂದುಬಿಡುತ್ತೇನೆ, ಸುಮ್ಮನೆ ಬಾಡಿಗೆ ಯಾಕೆ ಎಂದು ಅವರು ಹೊರಟರು. ತಾತ್ಕಾಲಿಕ ಪಟ್ಟಿ ತಾನೇ, ಸ್ವಲ್ಪ ತಡೆಯಿರಿ ಎಂದು ನಾನಾದರೂ ಹೇಳಬಹುದಿತ್ತು. ಹೇಳಲಿಲ್ಲ.

ಮಂಗಳವಾರ ಒಬ್ಬ ಮೇಷ್ಟ್ರು ಬಂದರು. ನಲವತ್ತರ ಆಸುಪಾಸು, ಮಾಸಿದ ಕೊಡೆ, ಒದ್ದೆಯಾದ ಪಂಚೆಯ ಅಂಚು. ಹುಲಿಯೂರುದುರ್ಗದ ಕಡೆ ಒಂದು ಹಳ್ಳಿಯಲ್ಲಿ ಹದಿನಾಲ್ಕು ವರ್ಷದಿಂದ ಇದ್ದಾರಂತೆ. ಹೆಂಡತಿ, ಇಬ್ಬರು ಹೆಣ್ಣುಮಕ್ಕಳು ಗುಬ್ಬಿ ಹತ್ತಿರದ ಊರಿನಲ್ಲಿ. ಹೋದ ವರ್ಷ ಕೈಯಲ್ಲಿ ಬರೆದ ಪಟ್ಟಿಯಲ್ಲಿ ನಾಲ್ಕನೆಯವರಾಗಿದ್ದರು, ಮೊದಲ ಮೂವರಿಗೆ ಆಯಿತು. ಈ ವರ್ಷ ಬೋರ್ಡು ನೋಡಿದರೆ ಇಪ್ಪತ್ತೈದನೆಯವರು. ಜಗಳಕ್ಕೆ ಬಂದಿದ್ದಾರೆ ಎಂದು ನಾನು ಮುಖ ಗಂಟಿಕ್ಕಿಕೊಂಡು ಕೂತೆ. ಅವರು ಜಗಳವನ್ನೇ ಆಡಲಿಲ್ಲ.

"ನಂದೇ ಏನಾರ ತಪ್ಪಿರಬೇಕು ಕಣಮ್ಮ," ಎಂದರು. "ಕಾಮಾಲೆ ಆಗಿ ಮೂರ್ ತಿಂಗ್ಳು ರಜಾ ಹಾಕಿದ್ದೆ, ಅದ್ರಾಗೇನಾರ ಕಳ್ದವ್ರೇನೋ. ಮಿಷನ್ ಹೇಳಿದ್ಮೇಲೆ ಸರಿ ಇರ್ತದೆ ಬುಡಿ. ಏನ್ ತಪ್ಪು ಅಂತ ಗೊತ್ತಾದ್ರೆ ಮುಂದಿನ ವರ್ಷಕ್ಕೆ ಸರಿ ಮಾಡ್ಕಂತೀನಿ, ಅದ್ಕೇ ಬಂದೆ."

ನೋಡಿ ಹೇಳುತ್ತೇನೆ ಎಂದು ಕಳಿಸಿದೆ. ಬಾಗಿಲಲ್ಲಿ ಕೊಡೆ ಬಿಚ್ಚುತ್ತ, ದೊಡ್ಡ ಮಗಳು ಈ ವರ್ಷ ಹೈಸ್ಕೂಲು ಮುಗಿಸುತ್ತಾಳೆ ಎಂದು, ಯಾಕೋ ಏನೋ, ನನಗೆ ಹೇಳಿ ಹೋದರು. ಅವಳ ಶನಿವಾರಗಳೂ ನನ್ನ ಮಗಳ ಶನಿವಾರಗಳ ಹಾಗೇ ಕಳೆದಿರಬೇಕು ಎಂದು ತಕ್ಷಣ ಹೊಳೆಯಿತು. ಹೊಳೆದದ್ದಕ್ಕೆ ಆ ಮನುಷ್ಯನ ಮೇಲೆಯೇ ಸಿಟ್ಟು ಬಂತು.

ಪಟ್ಟಿ ತೆಗೆದು ನೋಡಿದೆ. ಅವರ ಹೆಸರಿಗಿಂತ ಒಂದು ಮೇಲೆ, ಇಪ್ಪತ್ನಾಲ್ಕನೆಯ ಸ್ಥಾನದಲ್ಲಿ, ಹೋದ ವರ್ಷ ಕೆಲಸಕ್ಕೆ ಸೇರಿದ ಹುಡುಗಿ ಇದ್ದಳು. ಇಸ್ಪೀಟಿನ ಕಟ್ಟನ್ನು ಯಾರೋ ನಡುವೆ ಕತ್ತರಿಸಿ ಕೆಳಗಿನದನ್ನು ಮೇಲಿಟ್ಟ ಹಾಗಿತ್ತು ಪಟ್ಟಿ. ಮೊದಲ ಇಪ್ಪತ್ನಾಲ್ಕು ಜನ ತಮ್ಮತಮ್ಮಲ್ಲಿ ಸರಿಯಾದ ಕ್ರಮದಲ್ಲೇ ಇದ್ದರು, ಕೊನೆಯ ನಾಲ್ವರೂ ತಮ್ಮತಮ್ಮಲ್ಲಿ ಸರಿಯಾಗಿದ್ದರು. ಆದರೆ ಆ ಕೊನೆಯ ನಾಲ್ವರೇ ಎಲ್ಲರಿಗಿಂತ ಹಳಬರು. ತಿಂಗಳುಗಳನ್ನು ಪರದೆಯ ಮೇಲೆ ತರಿಸಿದೆ. ನಮ್ಮ ಯಜಮಾನರದು ನೂರ ಹದಿನೆಂಟು, ಸರಿ. ಕೊಡೆಯ ಮೇಷ್ಟ್ರದು ಮೈನಸ್ ಎಂಬತ್ತೆಂಟು.

ಮೈನಸ್ ಎಂಬತ್ತೆಂಟು ತಿಂಗಳ ಸೇವೆ. ಎಂದರೆ ಆ ಮನುಷ್ಯ ಕೆಲಸಕ್ಕೆ ಸೇರಲು ಇನ್ನೂ ಏಳು ವರ್ಷ ನಾಲ್ಕು ತಿಂಗಳು ಇದೆ ಎಂದಾಯಿತು. ಸೇವಾ ಪುಸ್ತಕ ತೆಗೆದೆ. ಅದರಲ್ಲಿ ಹದಿನಾಲ್ಕು ವರ್ಷ ಪೂರ್ತಿ ಇತ್ತು, ಕಾಮಾಲೆಯ ರಜೆಯನ್ನು ಯಾರೂ ಕಳೆದಿರಲಿಲ್ಲ. ನಾನು ಟೈಪ್ ಮಾಡಿದ್ದೂ ನೂರ ಅರವತ್ತೆಂಟೇ. ಹಾಕಿದ್ದು ನೂರ ಅರವತ್ತೆಂಟು, ತೆಗೆದದ್ದು ಮೈನಸ್ ಎಂಬತ್ತೆಂಟು. ಬೇರೆ ಬೇರೆ ಅಂಕಿ ಹಾಕಿ ತೆಗೆದೆ. ನೂರು ಹಾಕಿದರೆ ನೂರು. ನೂರ ಇಪ್ಪತ್ತೇಳು ಹಾಕಿದರೆ ನೂರ ಇಪ್ಪತ್ತೇಳು. ನೂರ ಇಪ್ಪತ್ತೆಂಟು ಹಾಕಿದರೆ ಮೈನಸ್ ನೂರ ಇಪ್ಪತ್ತೆಂಟು. ಒಂದು ತಿಂಗಳ ಅಂತರದಲ್ಲಿ ಮನುಷ್ಯ ಎಲ್ಲರಿಗಿಂತ ಮೇಲಿನಿಂದ ಎಲ್ಲರಿಗಿಂತ ಕೆಳಕ್ಕೆ ಬೀಳುತ್ತಿದ್ದ. ಕುಂಕುಮದ ಶಾಪವೇ ಇರಬೇಕು ಎಂದು ಒಂದು ಗಳಿಗೆ ನಿಜವಾಗಿಯೂ ಅನ್ನಿಸಿತು.

ಮಾರನೆಯ ದಿನ ಬುಧವಾರ. ಲೆಕ್ಚರರು ನಾನು ಬರೆದ ಪ್ರೋಗ್ರಾಮಿನ ಕಾಗದ ನೋಡಿ ಒಂದು ನಿಮಿಷಕ್ಕೆ ತಪ್ಪು ಹಿಡಿದರು. ನಾನು ಬಿಟ್ಟ ಪದದ ಜಾಗಕ್ಕೆ ಬೆರಳಿಟ್ಟರು. ಋಣ ಸಂಖ್ಯೆ ಇಲ್ಲ ಎಂದು ನಾವು ಹೇಳದೆ ಇದ್ದರೆ, ಇರಬಹುದು ಎಂದೇ ಈ ಮಿಷನ್ನು ಎಣಿಸುತ್ತದೆ. ಆಗ ಎಡಗಡೆಯ ಮೊದಲ ಸ್ವಿಚ್ಚಿಗೆ ನೂರ ಇಪ್ಪತ್ತೆಂಟು ಎನ್ನುವ ಬದಲು ಮೈನಸ್ ನೂರ ಇಪ್ಪತ್ತೆಂಟು ಎಂದು ಬೆಲೆ ಕಟ್ಟುತ್ತದೆ. ಮೇಷ್ಟ್ರ ಬೈಟಿನಲ್ಲಿ ಆ ಸ್ವಿಚ್ಚು ಹಾಕಿತ್ತು, ಉಳಿದವು ಸೇರಿ ನಲವತ್ತು. ಮೈನಸ್ ನೂರ ಇಪ್ಪತ್ತೆಂಟಕ್ಕೆ ನಲವತ್ತು ಸೇರಿಸಿದರೆ ಮೈನಸ್ ಎಂಬತ್ತೆಂಟು. ನಮ್ಮ ಯಜಮಾನರ ಬೈಟಿನಲ್ಲಿ ಆ ಸ್ವಿಚ್ಚು ಆರಿತ್ತು. ಹತ್ತು ವರ್ಷ ಎಂಟು ತಿಂಗಳು ತುಂಬಿದವರಿಗೆಲ್ಲ ಅದು ಹಾಕಿರುತ್ತದೆ.

ಹಾಗಾದರೆ ಒಳಗಿರುವುದು ಯಾವುದು, ನೂರ ಅರವತ್ತೆಂಟೋ ಮೈನಸ್ ಎಂಬತ್ತೆಂಟೋ, ಅದನ್ನು ಹೇಳಿ ಎಂದೆ. ನನ್ನ ದನಿ ಸ್ವಲ್ಪ ಏರಿತ್ತು.

"ಎರಡೂ ಅಲ್ಲ ಮೇಡಂ," ಎಂದರು. "ಒಳಗಿರೋದು ಎಂಟು ಸ್ವಿಚ್ಚು ಅಷ್ಟೆ. ನೀವು ಏನಂತ ತೆಗೀತೀರೋ ಅದೇ ಆಗುತ್ತೆ."

ಈ ಉತ್ತರ ನನಗೆ ಹಿಡಿಸಲಿಲ್ಲ. ಇವತ್ತಿಗೂ ಪೂರ್ತಿ ಹಿಡಿಸಿಲ್ಲ. ಒಬ್ಬ ಮನುಷ್ಯ ಹದಿನಾಲ್ಕು ವರ್ಷ ಮಳೆ ಬಿಸಿಲೆನ್ನದೆ ಪಾಠ ಹೇಳಿದ್ದಾನೆ. ಅದು ಒಳಗಿದ್ದೇ ಇದೆ, ನಾನು ಹೇಗೆ ತೆಗೆದರೂ ಅದು ಅದೇ ಆಗಿರಬೇಕು ಎಂದು ನನ್ನ ಹಟ. ಆದರೆ ನಾನು ತೆಗೆದ ರೀತಿಗೆ ಆ ಮನುಷ್ಯನೇ ತನ್ನ ಹದಿನಾಲ್ಕು ವರ್ಷದ ಮೇಲೆ ಅನುಮಾನಪಟ್ಟುಕೊಂಡು, ತನ್ನ ಕಾಮಾಲೆಯನ್ನು ಬೈದುಕೊಂಡು ಹೋಗಿದ್ದ.

ಪದ ಸೇರಿಸಿ ಹೊಸ ಪಟ್ಟಿ ತೆಗೆಯಲು ಹತ್ತು ನಿಮಿಷ ಸಾಕಾಯಿತು. ಕೊನೆಯ ನಾಲ್ವರು ಮೇಲಕ್ಕೆ ಬಂದರು, ಕೊಡೆಯ ಮೇಷ್ಟ್ರು ಮೊದಲನೆಯವರಾದರು. ನಮ್ಮ ಯಜಮಾನರು ಆರನೆಯವರಾದರು. ಇದ್ದದ್ದು ಮೂರು ಜಾಗ. ಕಾಗದವನ್ನು ಮಡಿಸಿ ಡ್ರಾಯರಿನಲ್ಲಿಟ್ಟೆ. ನಾಲ್ವರಲ್ಲಿ ಇನ್ನೂ ಒಬ್ಬರೂ ಆಕ್ಷೇಪಣೆ ಹಾಕಿರಲಿಲ್ಲ. ನೀವು ಆಕ್ಷೇಪಣೆ ಹಾಕಿ ಎಂದು ಆ ಮೇಷ್ಟ್ರಿಗೆ ಒಂದು ಕಾರ್ಡು ಬರೆಯಲು ಕೂತೆ. ಅವರು ಹಾಕಿದರೆ ತಪ್ಪು ತಾನಾಗಿ ಹೊರಗೆ ಬೀಳುತ್ತದೆ, ನಾನು ಗಂಡನಿಗೆ ಉತ್ತರ ಹೇಳಬೇಕಾಗಿಲ್ಲ. ಎರಡು ಸಾಲು ಬರೆದು, ನನ್ನ ಮೇಲೆ ನನಗೇ ಹೇಸಿಗೆಯಾಗಿ ಹರಿದೆ. ಹೇಳುವುದಾದರೆ ನಾನೇ ಹೇಳಬೇಕು, ಇಲ್ಲದಿದ್ದರೆ ತೆಪ್ಪಗಿರಬೇಕು. ಯಾವುದು ಎಂದು ಶುಕ್ರವಾರದವರೆಗೂ ಗೊತ್ತಾಗಲಿಲ್ಲ.

ಶನಿವಾರ ಅವರು ಟ್ರಂಕು, ಹಾಸಿಗೆ ಸುರುಳಿ, ಸೀಮೆಎಣ್ಣೆ ಸ್ಟೌ ಎಲ್ಲ ಹೊತ್ತುಕೊಂಡು ಬಂದಿಳಿದರು. ಮಗಳು ಟ್ರಂಕಿನ ಮೇಲ್ಗಡೆ ಹತ್ತಿ ಕೂತಳು. ಅವಳು ಅವಿತುಕೊಳ್ಳದೆ ಇದ್ದ ಮೊದಲ ಶನಿವಾರ ಅದು. ಭಾನುವಾರ ಮಧ್ಯಾಹ್ನ, ಅತ್ತೆ ಮಗಳನ್ನು ಕರೆದುಕೊಂಡು ಪಕ್ಕದ ಮನೆಗೆ ಹೋದಾಗ, ಎಲ್ಲವನ್ನೂ ಹೇಳಿದೆ. ಅವರು ಸ್ಟೌ ಬತ್ತಿ ಸರಿ ಮಾಡುತ್ತಿದ್ದವರು ಹಾಗೇ ಕೇಳಿಸಿಕೊಂಡರು.

"ಯಾರಾದ್ರೂ ಕೇಳಿದಾರಾ?" ಎಂದರು.

ಒಬ್ಬರು ಬಂದಿದ್ದರು, ಆದರೆ ತನ್ನದೇ ತಪ್ಪು ಎಂದುಕೊಂಡು ಹೋದರು ಎಂದೆ.

"ಹಂಗಾದ್ರೆ ಸುಮ್ನಿರು," ಎಂದರು. "ಯಾರೂ ಕೇಳ್ದಿದ್ದನ್ನ ನೀನ್ಯಾಕೆ ಹೋಗಿ ಹೇಳ್ತೀಯ."

ಅಷ್ಟೇ. ನನಗೆ ಬೈಯಲಿಲ್ಲ, ದನಿ ಏರಿಸಲಿಲ್ಲ. ಅವರು ಬೈದಿದ್ದರೆ ನಾನೂ ಬೈದು ಹಗುರಾಗುತ್ತಿದ್ದೆ. ಸೋಮವಾರ ಬೆಳಿಗ್ಗೆ ಅವರು ಒಂದು ಕೈಚೀಲ ಮಾತ್ರ ಹಿಡಿದು ಬಸ್ಸಿಗೆ ಹೋದರು. ಟ್ರಂಕು ನಡುಮನೆಯಲ್ಲೇ ಇತ್ತು. ಮಗಳು ಎದ್ದು ಟ್ರಂಕು ಇರುವುದನ್ನು ನೋಡಿ, ಸಂಜೆ ಬರುತ್ತಾರೆ ಎಂದು ತಾನೇ ಹೇಳಿಕೊಂಡು ಆಡಲು ಹೋದಳು.

ಅದು ಆಕ್ಷೇಪಣೆಯ ಕೊನೆಯ ದಿನ. ತುಮಕೂರಿನಲ್ಲಿ ರೈಲು ಇಳಿದು ಕಚೇರಿ ಮೆಟ್ಟಿಲು ಹತ್ತುವವರೆಗೂ ನಾನು ಏನು ಮಾಡುತ್ತೇನೆ ಎಂದು ನನಗೆ ಗೊತ್ತಿರಲಿಲ್ಲ, ದೇವರಾಣೆ. ಬೋರ್ಡಿನ ಮುಂದೆ ಜನ ಇರಲಿಲ್ಲ. ಎರಡನೆಯ ಹೆಸರನ್ನು ನೋಡಿದೆ, ಇಪ್ಪತ್ತೈದನೆಯ ಹೆಸರನ್ನು ನೋಡಿದೆ. ಡ್ರಾಯರಿನಿಂದ ಕಾಗದ ತೆಗೆದುಕೊಂಡು ನೇರವಾಗಿ ಸಾಹೇಬರ ಕೋಣೆಗೆ ನಡೆದೆ. ಧೈರ್ಯ ಎನ್ನಲಾರೆ. ತಡಮಾಡಿದರೆ ಹೋಗುವುದಿಲ್ಲ ಎಂದು ಗೊತ್ತಿತ್ತು.

ಸಾಹೇಬರಿಗೆ ಅರ್ಥ ಮಾಡಿಸಲು ಅವರ ಮೇಜಿನ ಮೇಲಿನ ಎಂಟು ರಬ್ಬರ್ ಸ್ಟಾಂಪುಗಳನ್ನು ಸಾಲಾಗಿಟ್ಟು, ಕೆಲವನ್ನು ನಿಲ್ಲಿಸಿ, ಕೆಲವನ್ನು ಮಲಗಿಸಿ, ಎಡಗಡೆಯದನ್ನು ಕೈಯಲ್ಲಿ ಹಿಡಿದು ಇದೇ ನೋಡಿ ಸಾರ್ ತೊಂದರೆ ಮಾಡಿದ್ದು ಎಂದೆ. ಅದು ಅವರ ಹೆಸರಿನ ಸ್ಟಾಂಪು. ಅವರು ಗಾಬರಿಯಿಂದ ಅದನ್ನು ಕಸಿದುಕೊಂಡರು. ಮೈನಸ್ ಎಂದೆ, ಸ್ವಿಚ್ಚು ಎಂದೆ, ನೂರ ಇಪ್ಪತ್ತೆಂಟು ಎಂದೆ. ಮಿಷನ್ ತಪ್ಪು ಮಾಡುತ್ತದೆ ಎಂದು ಒಂದು ಸಲ ಹೊರಗೆ ಗೊತ್ತಾದರೆ ನಾಳೆ ಜಿಲ್ಲೆಯವರೆಲ್ಲ ಬಂದು ಬಾಗಿಲಲ್ಲಿ ಕೂರುತ್ತಾರೆ, ಇದ್ದದ್ದು ಇದ್ದ ಹಾಗೇ ಇರಲಿ ಎಂದು ಅವರು ಹೇಳುತ್ತಲೇ ಹೊಸ ಪಟ್ಟಿಯ ಮೇಲೆ ಬೆರಳು ಓಡಿಸಿದರು. ಆರನೆಯ ಹೆಸರಿನ ಮೇಲೆ ಬೆರಳು ನಿಂತಿತು.

"ಇವರು ನಿಮ್ಮ ಯಜಮಾನ್ರಲ್ವೇನಮ್ಮ? ಎರಡನೇದಿತ್ತಲ್ಲ," ಎಂದರು.

ಹೌದು ಸಾರ್ ಎಂದೆ. ಅವರು ನನ್ನ ಮುಖವನ್ನು ಒಂದು ಗಳಿಗೆ ನೋಡಿದರು. ಪೆನ್ನಿನ ಕ್ಯಾಪು ತೆಗೆದು ಸಹಿ ಹಾಕಿದರು.

"ನಿಮ್ಮವರ ಹೆಸರನ್ನ ನೀವೇ ಕೆಳಗಿಳಿಸಿದೀರ ಅಂದ್ಮೇಲೆ ಇದೇ ಸರಿ ಇರುತ್ತೆ," ಎಂದರು.

ಹೊರಗೆ ಬಂದು ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಸ್ಟಾಂಪು ಜೋಡಿಸಿದ್ದು, ಸೇವಾ ಪುಸ್ತಕ ತೋರಿಸಿದ್ದು, ಯಾವುದೂ ಲೆಕ್ಕಕ್ಕೆ ಬರಲಿಲ್ಲ. ನನಗೆ ನಷ್ಟವಾಯಿತು ಎನ್ನುವುದೊಂದೇ ಸಾಕ್ಷಿಯಾಯಿತು. ನಮ್ಮವರಿಗೇ ಹದಿನಾಲ್ಕು ವರ್ಷದ ಸೇವೆ ಇದ್ದು, ಇದೇ ತಪ್ಪಿನಿಂದ ಅವರು ಇಪ್ಪತ್ತೈದನೆಯವರಾಗಿದ್ದು, ಇದೇ ತಿದ್ದುಪಡಿಯಿಂದ ಮೊದಲಿಗೆ ಬಂದಿದ್ದರೆ, ಆಗಲೂ ಪಟ್ಟಿ ಇಷ್ಟೇ ಸರಿಯಾಗಿರುತ್ತಿತ್ತು. ಆದರೆ ಸಾಹೇಬರು ಅದನ್ನು ಹರಿದು ಬುಟ್ಟಿಗೆ ಹಾಕಿ ನನಗೆ ಮೆಮೋ ಕೊಡುತ್ತಿದ್ದರು. ಇದನ್ನು ಎಷ್ಟು ಸಲ ಯೋಚಿಸಿದರೂ ನನಗೆ ಬಗೆಹರಿಯುವುದಿಲ್ಲ.

ಹೊಸ ಪಟ್ಟಿ ಬೋರ್ಡಿಗೆ ಹತ್ತಿತು. ಕೊಡೆಯ ಮೇಷ್ಟ್ರು ಆದೇಶ ತೆಗೆದುಕೊಳ್ಳಲು ಬಂದವರು, ಮಿಷನ್ನೇ ತಪ್ಪು ಹುಡುಕಿಕೊಂಡು ಸರಿ ಮಾಡಿಕೊಂಡಿತಂತಲ್ಲ ಎಂದು ಆಶ್ಚರ್ಯಪಟ್ಟು ಅದಕ್ಕೆ ಕೈ ಮುಗಿದು ಹೋದರು.

ಆ ಶನಿವಾರ ನಮ್ಮ ಯಜಮಾನರು ಬರಲಿಲ್ಲ. ಮದುವೆಯಾದ ಮೇಲೆ ಅವರು ತಪ್ಪಿಸಿದ ಮೊದಲ ಶನಿವಾರ. ಪಟ್ಟಿ ಬದಲಾದದ್ದು ಅವರಿಗೆ ತಿಳಿದಿರುತ್ತದೆ, ಸಿಟ್ಟು ಮಾಡಿಕೊಂಡಿದ್ದಾರೆ ಎಂದು ನಾನು ತಿಳಿದೆ. ಶಾಲೆಯಲ್ಲಿ ಪರೀಕ್ಷೆ ಇರಬೇಕು ಎಂದು ಅತ್ತೆಗೆ ಸುಳ್ಳು ಹೇಳಿದೆ. ಅದರ ಮುಂದಿನ ಶನಿವಾರ ಬಂದರು. ಗಡ್ಡ ಬೆಳೆದಿತ್ತು. ಬಿಟ್ಟ ರೂಮನ್ನು ಬೇರೆ ಯಾರಿಗೋ ಕೊಟ್ಟಿದ್ದರಂತೆ, ಶಾಲೆಯ ಎರಡು ಬೆಂಚು ಜೋಡಿಸಿಕೊಂಡು ಮಲಗುತ್ತಿದ್ದರಂತೆ. ಊಟ ಆದಮೇಲೆ ನನ್ನ ನೋಟ್ ಬುಕ್ಕು ಕೇಳಿದರು. ಆ ಎಂಟು ಮನೆಗಳನ್ನು ತೋರಿಸಿ, ಮೈನಸ್ ಹೇಗೆ ಬಂತು ಹೇಳು ಎಂದರು. ಹೇಳಿದೆ. ಲೆಕ್ಕದ ಮೇಷ್ಟ್ರು, ನಾನು ಒಂಬತ್ತು ತಿಂಗಳು ಒದ್ದಾಡಿದ್ದು ಅವರಿಗೆ ಎರಡು ನಿಮಿಷಕ್ಕೆ ಹೊಕ್ಕಿತು. ಬುಕ್ಕು ಮುಚ್ಚಿ ನನ್ನ ಕೈಗೆ ಕೊಟ್ಟರು.

"ಮಗಳಿಗೆ ಇದನ್ನ ಯಾವತ್ತೂ ಹೇಳ್ಬೇಡ ಕಣೇ," ಎಂದರು. "ಸುಮ್ನಿರು ಅಂತ ನಾನಂದಿದ್ದನ್ನ."

ಆಗಲಿ ಎಂದೆ. ಅವರಿಗೆ ಗುಬ್ಬಿಗೆ ವರ್ಗವಾದದ್ದು ಇನ್ನೂ ಎರಡು ವರ್ಷ ಕಳೆದ ಮೇಲೆ. ಕೊಟ್ಟ ಮಾತನ್ನು ನಾನು ಇಷ್ಟು ವರ್ಷವೂ ನಡೆಸಿದೆ. ಈಗ ಬರೆದು ಮುರಿದಿದ್ದೇನೆ, ಮುರಿದದ್ದು ಸರಿಯೋ ತಪ್ಪೋ ಗೊತ್ತಿಲ್ಲ. ಮಗಳು ಇದನ್ನು ಓದುತ್ತಾಳೆ. ಸುಮ್ಮನಿರು ಎಂದ ಅಪ್ಪನನ್ನು ಅವಳಿಂದ ಮುಚ್ಚಿಟ್ಟರೆ, ಹಾಗೆ ಅಂದುಬಿಟ್ಟೆನಲ್ಲ ಎಂದು ಮನೆಗೆ ಬರಲು ಮುಖವಿಲ್ಲದೆ ಶಾಲೆಯ ಬೆಂಚಿನ ಮೇಲೆ ಮಲಗಿದ್ದ ಅಪ್ಪನೂ ಅವಳಿಗೆ ಸಿಗುವುದಿಲ್ಲ.